ಎಡಗೈಗಿದ್ದ ದಿಬ್ಬ

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಮನೆ ಹೊನ್ನಾವರದಲ್ಲಿ, ಕಸುಬು ಬೋರ್ಡು ಬರೆಯುವುದು. ಒಂದು ಕಾಲದಲ್ಲಿ ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಎರಡೂ ಬದಿಯ ಅಂಗಡಿಗಳ ಮೇಲೆ ನನ್ನ ಅಕ್ಷರಗಳಿದ್ದವು. ಈಗ ಒಂದೂ ಉಳಿದಿಲ್ಲ, ಅದರ ಬಗ್ಗೆ ನನಗೆ ದುಃಖವೂ ಇಲ್ಲ. ಉಳಿಯಬಾರದಾಗಿದ್ದ ಒಂದು ಕೆಲಸ ಇದೆ, ಅದನ್ನು ಹೇಳಿ ಮುಗಿಸಬೇಕೆಂದು ಕೂತಿದ್ದೇನೆ. ನನ್ನ ಚಿತ್ರವೊಂದನ್ನು ನಂಬಿ ಭಟ್ಕಳದ ಕಡೆಯ ಮಾವಳ್ಳಿಯ ಒಬ್ಬ ಮನುಷ್ಯ ಕಾಲು ಕಳೆದುಕೊಂಡ. ಅದಕ್ಕಿಂತ ಹೆಚ್ಚಾಗಿ ಹೆಸರು ಕಳೆದುಕೊಂಡ. ಚಿತ್ರ ತಪ್ಪು ಎಂದು ಆ ದಿನಗಳಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಶರಾವತಿ ಸಮುದ್ರಕ್ಕೆ ಸೇರುವ ಬಾಯಿಗೆ ನಾವು ಅಳಿವೆ ಎನ್ನುತ್ತೇವೆ. ಅಳಿವೆಯ ಅಡಿಯಲ್ಲಿ ಮರಳಿನ ದಿಬ್ಬವಿದೆ. ಅದು ನಿಂತಲ್ಲಿ ನಿಲ್ಲುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಹೊಳೆ ಅದನ್ನು ತಳ್ಳುತ್ತದೆ, ಸಮುದ್ರ ತಿರುಗಿ ನೂಕುತ್ತದೆ. ಮಳೆ ಇಳಿದು ದೋಣಿಗಳು ಹೊರಡುವ ಮೊದಲು ದಿಬ್ಬ ಈ ವರ್ಷ ಎಲ್ಲಿ ಕೂತಿದೆ ಎಂದು ಯಾರಾದರೂ ನೋಡಿ ಬರಲೇಬೇಕು. ಕಾಸರಕೋಡಿನಲ್ಲಿ ಆ ಕೆಲಸ ಒಬ್ಬ ಹಿರಿಯ ತಾಂಡೇಲರದು. ತಾಂಡೇಲ ಎಂದರೆ ದೋಣಿ ನಡೆಸುವ ಯಜಮಾನ. ಶ್ರಾವಣದ ನೂಲಹುಣ್ಣಿಮೆಗೆ ಮೂರು ವಾರ ಇರುವಾಗ ಅವರು ಸಣ್ಣ ದೋಣಿಯಲ್ಲಿ ಉದ್ದ ಬಿದಿರು ಹಿಡಿದು ಹೋಗುತ್ತಿದ್ದರು. ಹತ್ತು ಮಾರಿಗೊಮ್ಮೆ ಬಿದಿರು ಊರಿ ಆಳ ನೋಡುತ್ತಿದ್ದರು. ನಾನು ಹಿಂದೆ ನೋಟ್‌ಬುಕ್ ಹಿಡಿದು ಕೂತು ಗುರುತು ಹಾಕಿಕೊಳ್ಳುತ್ತಿದ್ದೆ. ಮರುದಿನ ಮೀನುಗಾರರ ಸಂಘದ ಗೋಡೆಯ ಮೇಲಿದ್ದ ತಗಡಿನ ಬೋರ್ಡಿನಲ್ಲಿ ಹಳೆ ದಿಬ್ಬವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಹೊಸ ದಿಬ್ಬ ಬರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು ವರ್ಷವೂ ಇದು ತಪ್ಪಿರಲಿಲ್ಲ.

ಆ ಬೋರ್ಡಿನಲ್ಲಿ ಸಮುದ್ರ ಕೆಳಗೆ, ಊರು ಮೇಲೆ. ದಿಬ್ಬ ಕೆಂಪು, ದಾರಿ ಬಿಳಿ. ಸುತ್ತಲೂ ತಿಥಿಗಳ ಪಟ್ಟಿ, ಯಾವ ತಿಥಿಗೆ ಎಷ್ಟು ಹೊತ್ತಿಗೆ ಭರತ, ಅಂದರೆ ನೀರಿನ ಉಬ್ಬರ, ಎಷ್ಟು ಹೊತ್ತಿಗೆ ಇಳಿತ ಎಂದು. ದಿಬ್ಬದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಎಡಗೈಗೆ" ಎಂದೋ "ಬಲಗೈಗೆ" ಎಂದೋ ಇರುತ್ತಿತ್ತು. ತಾಂಡೇಲರು ಉತ್ತರ ದಕ್ಷಿಣ ಎಂಬ ಮಾತನ್ನೇ ಆಡುತ್ತಿರಲಿಲ್ಲ. ಅವರ ಎಡ, ಬಲ ಎಲ್ಲವೂ ಸಮುದ್ರದಿಂದ ಮನೆಗೆ ಬರುವವನ ಕೈಯ ಲೆಕ್ಕ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ.

"ಹೋಗೂವಾಗ ಎಲ್ರಿಗೂ ಬುದ್ಧಿ ಇರ್ತದೆ ತಮಾ," ಎಂದರು. "ಬರೂವಾಗ ದೋಣಿ ಭಾರ, ಹೊಟ್ಟೆ ಖಾಲಿ, ಕಣ್ಣಲ್ಲಿ ನಿದ್ದೆ. ಬೋರ್ಡು ಆ ಮುಂಡೇಗಂಡಂಗೆ ಬರೀಬೇಕು."

ಎರಡು ಸಾವಿರದ ಇಸವಿ ದಾಟಿದ ಮೇಲೆ ಕುಮಟೆಗೆ ಫ್ಲೆಕ್ಸ್ ಬಂತು. ನಾನು ಮೂರು ದಿನ ಏಣಿ ಹತ್ತಿ ಇಳಿದು ಬರೆಯುವ ಬೋರ್ಡನ್ನು ಮೆಷಿನ್ನು ಒಂದು ತಾಸಿನಲ್ಲಿ ಉಗುಳುತ್ತಿತ್ತು. ಗಿರಾಕಿಗಳು ಎದುರು ಸಿಕ್ಕರೆ ರಸ್ತೆ ದಾಟತೊಡಗಿದರು. ನನಗಾಗ ನಲವತ್ತೇಳು. ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಕುಮಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ತೆರೆದು ಡಿಸೈನ್ ಮತ್ತು ಆನಿಮೇಶನ್ ಕೋರ್ಸ್ ಎಂದು ಹಾಕಿದ್ದರು. ಹೋಗಿ ಸೇರಿಕೊಂಡೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರ ನಡುವೆ ನಾನೊಬ್ಬ ಕನ್ನಡಕದವನು. ಮೊದಲ ದಿನ ಒಂದು ಹುಡುಗಿ ಎದ್ದು ನಿಂತು "ನಮಸ್ತೆ ಸರ್" ಎಂದಳು. ನಾನೂ ವಿದ್ಯಾರ್ಥಿ ಎಂದು ತಿಳಿದ ಮೇಲೆ ಅವಳಿಗೆ ಒಂದು ವಾರ ನನ್ನ ಮುಖ ನೋಡಲು ಆಗಲಿಲ್ಲ.

ಆ ಕೋಣೆಯೊಳಗೆ ಗಾಳಿ ಬೆಳಕು ಬರುತ್ತಿರಲಿಲ್ಲ. ಪರದೆಯ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಎ.ಸಿ. ಇದ್ದದ್ದರಿಂದ ಬಾಗಿಲು ಸದಾ ಮುಚ್ಚಿರುತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು, ಆ ಸದ್ದು ನಿಲ್ಲುವುದರೊಳಗೆ ಮಾಡಿದ್ದನ್ನು ಉಳಿಸಿಕೊಳ್ಳಬೇಕು. ಏಣಿಯ ಮೇಲೆ ಗಾಳಿಯಲ್ಲಿ ನಿಂತು ದುಡಿದವನಿಗೆ ಅಲ್ಲಿ ಮೌಸ್ ಹಿಡಿದು ಕೂರುವುದೇ ಶಿಕ್ಷೆ. ಒಂದು ವೃತ್ತ ಎಳೆದರೆ ಮೊಟ್ಟೆಯಾಗುತ್ತಿತ್ತು. ಕನ್ನಡ ಅಕ್ಷರಗಳ ಒತ್ತುಗಳು ಪರದೆಯ ಮೇಲೆ ಕಳಚಿ ಬೀಳುತ್ತಿದ್ದವು. ಬಿಟ್ಟು ಹೋಗುವ ಹಾಗೂ ಇರಲಿಲ್ಲ, ಹೊರಗೆ ನನಗಾಗಿ ಏನೂ ಕಾದಿರಲಿಲ್ಲ.

ಕಲಿಸುವವರು ಧಾರವಾಡದ ಕಡೆಯವರು, ಇಪ್ಪತ್ತೈದರ ಹರೆಯ. ಒಳ್ಳೆಯವರು. ನನ್ನನ್ನು ಹಿರಿಯರು ಎಂದೇ ಕರೆಯುತ್ತಿದ್ದರು. ಕೋರ್ಸಿನ ಕೊನೆಯ ಕೆಲಸವಾಗಿ ಅವರು ಹೇಳಿದ್ದು ಇಷ್ಟು: ನಿಮ್ಮ ಊರಿನ ಯಾವುದಾದರೂ ಒಂದು ಮಾಹಿತಿ ಪೋಸ್ಟರನ್ನು ಆರಿಸಿಕೊಳ್ಳಿ, ಅದನ್ನು ಹೊಸದಾಗಿ ವಿನ್ಯಾಸ ಮಾಡಿ, ಪರದೆಯ ಮೇಲೆ ಚಲಿಸುವಂತೆ ಮಾಡಿ. ಒಬ್ಬ ಪೋಲಿಯೊ ಲಸಿಕೆಯದನ್ನು ತೆಗೆದುಕೊಂಡ. ಇನ್ನೊಬ್ಬಳು ಗೇರುಸೊಪ್ಪೆಯಲ್ಲಿ ನೀರಿನಿಂದ ಕರೆಂಟು ಆಗುವ ಚಿತ್ರ. ನಾನು ಅಳಿವೆಯ ಬೋರ್ಡನ್ನು ಆರಿಸಿಕೊಂಡೆ. ಚೆನ್ನಾಗಿ ಮಾಡಿದವರನ್ನು ಸೆಂಟರಿನಲ್ಲೇ ಸಹಾಯಕ ಶಿಕ್ಷಕರಾಗಿ ಇಟ್ಟುಕೊಳ್ಳುತ್ತೇವೆ ಎಂಬ ಮಾತು ನಡೆದಿತ್ತು. ನನ್ನ ಕಣ್ಣು ಅದರ ಮೇಲಿತ್ತು.

ಸರ್ ನನ್ನ ಮೊದಲ ಕರಡು ನೋಡಿ ನಕ್ಕರು. "ಹಿರಿಯರ, ಇದು ಪೋಸ್ಟರ್ ಅಲ್ರಿ, ಪಂಚಾಂಗ. ಇಷ್ಟೆಲ್ಲಾ ಯಾರು ಓದ್ತಾರ? ಓದೂದು ಕಡಿಮಿ ಮಾಡ್ರಿ, ನೋಡೂದು ಹೆಚ್ಚಾಗಲಿ."

ಓದುವುದನ್ನು ಕಡಿಮೆ ಮಾಡಿದೆ. ತಿಥಿಗಳ ಪಟ್ಟಿ ತೆಗೆದು ಒಂದು ಚಂದ್ರನನ್ನಿಟ್ಟೆ. ಚಂದ್ರ ತುಂಬುತ್ತ ಹೋದ ಹಾಗೆ ಕೆಳಗೆ ನೀರು ಏರುತ್ತದೆ. ಆ ಒಂದು ಚಲನೆಗೆ ಹನ್ನೆರಡು ದಿನ ಹಿಡಿಯಿತು. ಮೊದಲ ಸಲ ನೀರು ತಾನಾಗಿ ಏರಿದಾಗ ಹಿಂದಿನ ಸಾಲಿನ ಮಕ್ಕಳೆಲ್ಲ ಎದ್ದು ಬಂದು ನನ್ನ ಕುರ್ಚಿಯ ಸುತ್ತ ನಿಂತರು. ಕೊಬ್ಬರಿ ಎಣ್ಣೆ ಅಂಗಡಿಯ ಬೋರ್ಡಿಗೆ ಹಾಗೆ ಯಾರೂ ನಿಂತವರಿಲ್ಲ. ದಿಬ್ಬವನ್ನು ಕೆಂಪು ಮಾಡಿದೆ, ದೋಣಿ ಸಾಗಬೇಕಾದ ದಾರಿಗೆ ಹಸಿರು ಬಾಣ ಕೊಟ್ಟೆ. ಬಾಣ ಇದ್ದ ಮೇಲೆ ಮಾತು ಯಾಕೆ ಎಂದರು ಸರ್. "ಎಡಗೈಗೆ" ಎಂಬ ಅಕ್ಷರಗಳನ್ನು ನಾನೇ ಆರಿಸಿ ಡಿಲೀಟ್ ಒತ್ತಿದೆ.

ಪರದೆ ಅಗಲವಾಗಿರುವುದರಿಂದ ಚಿತ್ರವನ್ನು ಅಡ್ಡ ಮಲಗಿಸಿದ್ದೆ. ಸಮುದ್ರ ಎಡಕ್ಕೆ, ಊರು ಬಲಕ್ಕೆ. ಆ ವರ್ಷ ದಿಬ್ಬ ಎಡಗೈಗಿತ್ತು. ಒಳಗೆ ಬರುವ ದೋಣಿ ಎಡದಿಂದ ಬಲಕ್ಕೆ ಚಲಿಸುವಾಗ ಅದರ ಎಡಗೈಗೆ, ಅಂದರೆ ಚಿತ್ರದ ಮೇಲ್ಭಾಗದಲ್ಲಿ, ಕೆಂಪು ದಿಬ್ಬ ಕಾಣುತ್ತಿತ್ತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ತೋರಿಸುವ ದಿನಕ್ಕೆ ಮೂರು ದಿನ ಇರುವಾಗ ಸರ್ ನನ್ನ ಹಿಂದೆ ನಿಂತು ತಲೆ ಓರೆ ಮಾಡಿದರು. "ಕಥಿ ಮನಿಯಿಂದ ಶುರು ಆಗಬೇಕ್ರಿ. ಊರು ಎಡಕ್ಕ ಬರಲಿ. ದೋಣಿ ಮನಿಯಿಂದ ಹೊಂಟು ಬಲಕ್ಕ ಹೋಗಲಿ, ಆಮ್ಯಾಲೆ ತಿರುಗಿ ಬರಲಿ. ಕಣ್ಣು ಎಡದಿಂದ ಬಲಕ್ಕ ಓಡ್ತದ ನೋಡ್ರಿ."

"ಎಲ್ಲ ಮತ್ತೆ ಬರೀಬೇಕಾಗ್ತದೆ ಸರ್," ಎಂದೆ.

"ಯಾಕ್ ಬರೀತೀರಿ?" ಎಂದು ನನ್ನ ಭುಜದ ಮೇಲಿನಿಂದ ಬಾಗಿ ಮೌಸ್ ಹಿಡಿದು ಒಂದು ಆಯ್ಕೆ ಒತ್ತಿದರು. ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚಿತು. ಊರು ಎಡಕ್ಕೆ, ಸಮುದ್ರ ಬಲಕ್ಕೆ. ಹಿಂದುಮುಂದಾದ ಅಕ್ಷರಗಳು ನಾಲ್ಕೇ ಇದ್ದವು, ಅವನ್ನು ನೇರ ಮಾಡಿಕೊಟ್ಟರು. "ಮುಗೀತು."

ಆದರೆ ದಿಬ್ಬ ಮೇಲ್ಭಾಗದಲ್ಲೇ ಉಳಿಯಿತು. ಈಗ ದೋಣಿ ಮನೆಗೆ ಬರುವುದು ಬಲದಿಂದ ಎಡಕ್ಕೆ. ಹಾಗೆ ಬರುವವನಿಗೆ ಮೇಲಿರುವುದು ಬಲಗೈಯ ಕಡೆ. ಎಡಗೈಗಿದ್ದ ದಿಬ್ಬ ಬಲಗೈಗೆ ಹೋಗಿತ್ತು.

ಗೊತ್ತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಭಟ್ಕಳದ ಅಂಗಡಿಗಳ ಗಾಜಿನ ಬಾಗಿಲುಗಳಿಗೆ ಒಳಗಡೆಯಿಂದ ಹಿಂದುಮುಂದಾಗಿ ಅಕ್ಷರ ಬರೆದು ಹೊರಗಡೆಯಿಂದ ನೇರ ಕಾಣುವಂತೆ ಮಾಡುವವನು ನಾನು. ಕನ್ನಡ, ಇಂಗ್ಲಿಷು, ಓದಲು ಬಾರದ ಉರ್ದು ಕೂಡ. ಮಗುಚುವುದಕ್ಕೂ ತಿರುಗಿಸುವುದಕ್ಕೂ ಇರುವ ವ್ಯತ್ಯಾಸ ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸರಿಪಡಿಸಬೇಕಾದರೆ ದಿಬ್ಬ, ದಾರಿ, ನೀರು, ಬಾಣ ಎಲ್ಲವನ್ನೂ ಮತ್ತೆ ಎಳೆದು ಮತ್ತೆ ಚಲಿಸುವಂತೆ ಮಾಡಬೇಕು. ಎರಡು ವಾರ ಬೇಕು, ಇರುವುದು ಮೂರು ದಿನ. ಇದು ಕ್ಲಾಸಿನ ಕೆಲಸ ತಾನೇ, ಇದನ್ನು ನೋಡಿ ಯಾರೂ ದೋಣಿ ಬಿಡುವುದಿಲ್ಲವಲ್ಲ ಎಂದು ಹೇಳಿಕೊಂಡು ಬಸ್ಸು ಹತ್ತಿದೆ.

ತೋರಿಸುವ ಕಾರ್ಯಕ್ರಮವನ್ನು ಸರ್ ಕಾಸರಕೋಡಿನ ಸಂಘದಲ್ಲೇ ಇಟ್ಟುಕೊಂಡರು. ನೂಲಹುಣ್ಣಿಮೆಯ ಹಿಂದಿನ ದಿನ. ಬಿಳಿ ಬಟ್ಟೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬಿದ್ದು ಚಂದ್ರ ತುಂಬಿ ನೀರು ಏರಿದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ತಾಂಡೇಲರು ಮುಂದಿನ ಕುರ್ಚಿಯಲ್ಲಿದ್ದರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು, ಬಣ್ಣಗಳು ಓಡಾಡುವುದಷ್ಟೇ ಕಾಣುತ್ತಿತ್ತು. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಚಂದ ಅದೆ ಹೇಳ್ತ್ರು ಎಲ್ರೂ. ದಿಬ್ಬ ಎಡಗೈಗೇ ಬರ್ದಿಯಲ್ದಾ?"

"ಹೌದು ತಾಂಡೇಲರೇ. ಎಡಗೈಗೇ."

"ಆತು ಹಾಂಗಾರೆ," ಎಂದರು. ಸಂಘದ ಕಾರ್ಯದರ್ಶಿ ಕಾಗದ ಮುಂದೆ ಹಿಡಿದ, ಅವರು ಸಹಿ ಹಾಕಿದರು. ಅದೇ ಚಿತ್ರವನ್ನು ಫ್ಲೆಕ್ಸ್ ಮಾಡಿಸಿ ಕಾಸರಕೋಡಿನಲ್ಲಷ್ಟೇ ಅಲ್ಲ, ಭಟ್ಕಳದ ಬಂದರಿನಲ್ಲಿ, ಮಾವಳ್ಳಿ ಕಡೆ ದೋಣಿಗಳು ತಂಗುವ ದಕ್ಕೆಯಲ್ಲಿ, ಕುಮಟೆಯ ಕಡೆಯೂ ಕಟ್ಟಿಸುವುದು ಎಂಬ ನಿರ್ಣಯಕ್ಕೆ ಅದು ಸಹಿ. ಹೊರಗಿನ ದೋಣಿಗಳು ಗಾಳಿಗೆ ಸಿಕ್ಕಿ ನಮ್ಮ ಅಳಿವೆಗೆ ಬಂದರೆ ದಾರಿ ಗೊತ್ತಿರಲಿ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಬಾಯಿ ಬಿಟ್ಟಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಎಲ್ಲರೂ ಬೆನ್ನು ತಟ್ಟುತ್ತಿದ್ದರು, ಸರ್ ಎಲ್ಲರೆದುರು "ನಮ್ಮ ಸೆಂಟರಿನ ಹೊಸ ಮಾಸ್ತರು" ಎಂದು ನನ್ನನ್ನು ತೋರಿಸುತ್ತಿದ್ದರು.

ಫ್ಲೆಕ್ಸುಗಳು ಏರಿದವು. ಕಾಸರಕೋಡಿನವರಿಗೆ ಅದರಿಂದ ಏನೂ ಆಗಲಿಲ್ಲ. ಅವರಿಗೆ ಅಳಿವೆ ಕೈಮೇಲಿನ ಗೆರೆಯಂತೆ ಗೊತ್ತು, ಬೋರ್ಡಿನತ್ತ ಯಾರೂ ತಲೆ ಎತ್ತುವುದಿಲ್ಲ. ನನ್ನ ಹೆದರಿಕೆ ಹೊರಗಿನವರ ಬಗ್ಗೆ. ಸೆಂಟರಿನಲ್ಲಿ ನನ್ನ ಮೇಜಿನ ಮೇಲುಗಡೆಯೇ ಆ ಚಿತ್ರಕ್ಕೆ ಚೌಕಟ್ಟು ಹಾಕಿ ತೂಗುಹಾಕಿದ್ದರು. ಹೊಸ ಮಕ್ಕಳಿಗೆ ವೃತ್ತ ಎಳೆಯುವುದನ್ನು ಕಲಿಸುವಾಗ ಅದು ನನ್ನ ನೆತ್ತಿಯ ಮೇಲಿರುತ್ತಿತ್ತು. ಎದ್ದು ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನ ಹತ್ತಿರವೂ ಅದೇ. ಕೆಲಸ ಕೊಟ್ಟದ್ದೂ ಅದೇ ಚಿತ್ರ. ತಪ್ಪು ಎಂದು ಹೇಳಿದ ದಿನ ಕುರ್ಚಿ ಹೋಗುತ್ತದೆ, ಹೇಳದೆ ಕೂತರೆ ಅದರ ಕೆಳಗೆ ಕೂರಬೇಕು.

ಒಂದು ಭಾನುವಾರ ಎನಾಮಲ್ ಬಣ್ಣದ ಎರಡು ಡಬ್ಬಿ, ಕುಂಚ ಚೀಲದಲ್ಲಿ ಹಾಕಿಕೊಂಡು ಭಟ್ಕಳದ ಬಂದರಿಗೆ ಹೋದೆ. ಕೆಂಪನ್ನು ನೀಲಿಯಿಂದ ಮುಚ್ಚಿ ಕೆಳಗಡೆ ಹೊಸ ಕೆಂಪು ಬರೆದುಬಿಡುವುದು, ಯಾರಿಗೂ ಹೇಳುವುದು ಬೇಡ ಎಂದು ನನ್ನ ಯೋಚನೆ. ಕುಂಚ ಎಳೆದೆ. ಬಣ್ಣ ಹಿಡಿಯಲಿಲ್ಲ. ಎಣ್ಣೆ ಬಿದ್ದ ಬಾಳೆ ಎಲೆಯ ಮೇಲೆ ನೀರು ಬಿಟ್ಟಂತೆ ಹನಿಹನಿಯಾಗಿ ಜಾರಿತು. ಮತ್ತೆ ಹಚ್ಚಿದೆ, ಒಣಗಲು ಕಾದೆ. ಒಣಗಿದ್ದು ಬೆರಳು ತಾಗಿಸಿದರೆ ಸಿಪ್ಪೆಯಾಗಿ ಎದ್ದು ಬಂತು. ತಗಡಿನ ಬೋರ್ಡಾಗಿದ್ದರೆ ಚಿಂದಿ ಬಟ್ಟೆಯಲ್ಲಿ ಒರೆಸಿ ಅರ್ಧ ತಾಸಿನಲ್ಲಿ ಸರಿಮಾಡುತ್ತಿದ್ದೆ.

ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ಮುದುಕ ಬಹಳ ಹೊತ್ತಿನಿಂದ ನೋಡುತ್ತಿದ್ದ. "ಎಂತ ಮಾಡ್ತ್ರಿ ಅಲ್ಲಿ?"

"ಧೂಳು ಕೂತಿತ್ತು. ಒರೆಸ್ತಿದ್ದೆ."

"ಸಮುದ್ರದ ಧೂಳು ಒರ್ಸುಕೆ ಹೊನ್ನಾವರದಿಂದ ಬಂದ್ರಾ?" ಎಂದು ಅವನು ಪಕ್ಕದವನಿಗೆ ಕಣ್ಣು ಹೊಡೆದ. ನಾನು ಡಬ್ಬಿ ಮುಚ್ಚಿ ವಾಪಸು ಬಂದೆ.

ನವರಾತ್ರಿ ಹತ್ತಿರ ಬರುವಾಗ ಒಂದು ಸಂಜೆ ಗಾಳಿ ಎದ್ದಿತು. ಮಾವಳ್ಳಿಯ ಒಂದು ದೋಣಿ ಮೀನಿನ ಹಿಂದೆ ಉತ್ತರಕ್ಕೆ ಬಂದಿತ್ತು. ತಿರುಗಿ ತಮ್ಮ ದಡಕ್ಕೆ ಹೋಗಲು ಆಗದೆ ನಮ್ಮ ಅಳಿವೆಯ ಕಡೆ ಮುಖ ಮಾಡಿತು. ನಾಲ್ಕು ಜನ ಇದ್ದರು. ನಡೆಸುತ್ತಿದ್ದವನು ನಲವತ್ತರ ಪ್ರಾಯದ ತಾಂಡೇಲ, ಆ ಕಡೆ ಒಳ್ಳೆಯ ಕೈ ಎಂದು ಹೆಸರಿದ್ದವನು. ನಮ್ಮ ಅಳಿವೆ ಅವನಿಗೆ ಹೊಸದು. ಬಲಗೈಗೆ ದಿಬ್ಬ ಎಂದು ತಿಳಿದು ಎಡಕ್ಕೆ ಒತ್ತಿಕೊಂಡು ಬಂದ. ಕಾಸರಕೋಡಿನವರು ದಡದಿಂದ ಪಂಚೆ ಬಿಚ್ಚಿ ಬೀಸಿದರಂತೆ. ಸ್ವಾಗತಕ್ಕೆ ಬೀಸುತ್ತಿದ್ದಾರೆ ಎಂದುಕೊಂಡನಂತೆ. ದೋಣಿ ನೇರ ದಿಬ್ಬಕ್ಕೆ ಏರಿ ಅಡ್ಡ ಬಿತ್ತು, ಎರಡನೇ ತೆರೆಗೆ ಒಡೆಯಿತು. ಮೂವರು ಈಜಿ ಬಂದರು. ಅವನ ಕಾಲು ದೋಣಿಯ ಹಲಗೆಗೂ ಎಂಜಿನ್ನಿಗೂ ನಡುವೆ ಸಿಕ್ಕಿಕೊಂಡಿತ್ತು.

ಮೂರನೇ ದಿನ ಹೊನ್ನಾವರದ ಆಸ್ಪತ್ರೆಗೆ ನೋಡಲು ಹೋದೆ. ಮೊಣಕಾಲಿನ ಕೆಳಗೆ ತೆಗೆದಿದ್ದರು. ನಾನು ಯಾರೆಂದು ಹೇಳಿದಾಗ ಅವನು ಮೊಣಕೈ ಊರಿ ಏಳಲು ನೋಡಿದ.

"ನೀವೇ ಬರೆದವ್ರಾ? ಚಲೋ ಆತು ಬಂದದ್ದು. ಪೇಂಟರ್ರೇ, ನಮ್ಮ ದಕ್ಕೆಲಿ ದಿನಾ ನೋಡ್ತಿದ್ದೆ ನಾ ಅದ್ನ. ಹಸ್ರು ಬಾಣ ಬರೂವಂಗೆ ಎಡಬದಿಗೆ ಇತ್ತು. ಇತ್ತೋ ಇಲ್ಲೋ? ಎಲ್ರೂ ನಾ ತಪ್ಪು ನೋಡ್ದೆ ಹೇಳ್ತ್ರು. ನನ್ ಹೆಂಡ್ತಿನೂ ಹೇಳ್ತದೆ. ನೀವು ಒಂದ್ ಮಾತು ಹೇಳಿ, ಕಾಲು ಹೋದ್ರೆ ಹೋಗ್ಲಿ."

ಅವನ ಹೆಂಡತಿ ತಟ್ಟೆಯಲ್ಲಿ ಗಂಜಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದ್ ಸರ್ತಿ ನೋಡಿ ಹೇಳ್ತೆ," ಎಂದೆ. ಹೊರಗೆ ಬಂದು ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಅದೇ ವಾರ ಸಂಘದ ಹರಾಜು ಕಟ್ಟೆಯಲ್ಲಿ ಸಭೆ ಸೇರಿತು. ಒಡೆದ ದೋಣಿಯ ಮಾಲಕ ಮಾವಳ್ಳಿಯಿಂದ ಹತ್ತು ಜನರನ್ನು ಕರೆದುಕೊಂಡು ಬಂದಿದ್ದ. ಅವರಿಗೆ ತಿಳಿಯಬೇಕಾಗಿದ್ದದ್ದು ಒಂದೇ, ತಪ್ಪು ಬೋರ್ಡಿನದೋ ನಡೆಸಿದವನದೋ. ಫ್ಲೆಕ್ಸ್ ಬಿಚ್ಚಿ ತಂದು ನೆಲದ ಮೇಲೆ ಹಾಸಿದರು. ಕೆಲವರು ತಲೆ ಆಚೆ ವಾಲಿಸಿ ನೋಡಿದರು, ಕೆಲವರು ಈಚೆ. ಒಬ್ಬ ಸುತ್ತು ಹಾಕಿ ಬಂದು, "ಇದೆಂತದೋ ಉಲ್ಟಾ ಕಾಣ್ತದಲ್ಲ ಮಾರಾಯ್ರೇ," ಎಂದ.

ತಾಂಡೇಲರು ಹೇಳಿದರು, "ಪೇಂಟರ್ ಇಲ್ಲೇ ಇದ್ನಲ್ಲ. ಅಂವನನ್ನೇ ಕೇಳುವ."

ಎಲ್ಲರೂ ನನ್ನತ್ತ ತಿರುಗಿದರು. ಒಂದು ವರ್ಷ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಬಾಯಿಗೆ ಬಂತು. ಇದನ್ನು ದೋಣಿಯಿಂದ ನೋಡುವುದಲ್ಲ, ಆಕಾಶದಿಂದ ನೋಡುವುದು ಎಂದೆ. ಇದಕ್ಕೆ ಟಾಪ್ ವ್ಯೂ ಎನ್ನುತ್ತಾರೆ, ಕಂಪ್ಯೂಟರಿನಲ್ಲಿ ಅಳತೆ ಹಾಕಿ ಮಾಡಿದ್ದು, ನೋಡುವ ಕ್ರಮ ತಿಳಿಯದಿದ್ದರೆ ಉಲ್ಟಾ ಕಾಣುವುದು ಸಹಜ ಎಂದೆ. ಉಲ್ಟಾ ಎಂದ ಮನುಷ್ಯ ನಾಚಿ ಹಿಂದೆ ಸರಿದ. ನೋಡುವ ಕ್ರಮ ತಿಳಿಯದವನು ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳಲು ಅಲ್ಲಿ ಯಾರೂ ತಯಾರಿರಲಿಲ್ಲ.

"ಸರಿ ಅದೆಯೋ ಇಲ್ವೋ, ಅಷ್ಟು ಹೇಳು," ಎಂದರು ತಾಂಡೇಲರು.

"ಸರಿ ಅದೆ. ನೀವು ಹೇಳಿದ್ದನ್ನೇ ಬರೆದದ್ದು."

"ಮತ್ತೆಂತ ಮಾತು? ಬೋರ್ಡು ಸರಿ ಇದ್ರೆ ಅಂವಂದೇ ತಪ್ಪು."

ಮಾವಳ್ಳಿಯವರು ಎದ್ದು ಟೆಂಪೊ ಹತ್ತಿದರು. ತಾಂಡೇಲರು ತಮ್ಮ ಬಿದಿರನ್ನು ಎಷ್ಟು ನಂಬುತ್ತಿದ್ದರೋ ನನ್ನನ್ನೂ ಅಷ್ಟೇ ನಂಬಿದ್ದರು. ಆ ನಂಬಿಕೆಯಿಂದಲೇ ಒಬ್ಬ ತಾಂಡೇಲನ ಹೆಸರು ಅವರ ಬಾಯಲ್ಲೇ ಮುಗಿಯಿತು.

ಮುಂದಿನ ಮಳೆಗಾಲಕ್ಕೆ ದಿಬ್ಬ ಎಂದಿನಂತೆ ಜಾಗ ಬದಲಿಸಿತು. ಹಳೆ ಫ್ಲೆಕ್ಸುಗಳನ್ನು ಇಳಿಸಿದರು. ಆದರೆ ಫ್ಲೆಕ್ಸನ್ನು ಯಾರೂ ಬಿಸಾಡುವುದಿಲ್ಲ. ಒಬ್ಬರು ಕಟ್ಟಿಗೆ ಮುಚ್ಚಲು ಒಯ್ದರು, ಇನ್ನೊಬ್ಬರು ಬಚ್ಚಲು ಮನೆಯ ಮಾಡಿಗೆ ಹೊದೆಸಿದರು. ಕುಮಟೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನನ್ನ ಹಸಿರು ಬಾಣ ಯಾರದೋ ಹಿತ್ತಲಿನಲ್ಲಿ ದಿನಾ ಕಾಣುತ್ತಿತ್ತು. ನಾನು ಕಿಟಕಿ ಬಿಟ್ಟು ಒಳಗಿನ ಸೀಟಿನಲ್ಲಿ ಕೂರತೊಡಗಿದೆ. ಮೂರನೇ ವರ್ಷ ಹಿರಿಯ ತಾಂಡೇಲರು ತೀರಿಕೊಂಡರು. ಹೆಣದ ಹತ್ತಿರ ನಿಂತಾಗಲೂ ಹೇಳಲಾಗಲಿಲ್ಲ. ಮತ್ತೊಂದು ವರ್ಷಕ್ಕೆ ಸೆಂಟರೂ ಮುಚ್ಚಿತು, ಸರ್ ಹುಬ್ಬಳ್ಳಿಗೆ ಹೋದರು. ಯಾವ ಕುರ್ಚಿಗಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದೇ ಹೋಯಿತು. ಆದರೂ ಬಾಯಿ ತೆರೆಯಲಿಲ್ಲ. ಆ ಹೊತ್ತಿಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೇ ಮೊದಲಿನ ತಪ್ಪಿಗಿಂತ ದೊಡ್ಡದಾಗಿ ಬೆಳೆದಿತ್ತು.

ದೋಣಿ ಒಡೆದು ಹನ್ನೆರಡು ವರ್ಷವಾದ ಮೇಲೆ ಒಮ್ಮೆ ಹೆಂಡತಿಯೊಂದಿಗೆ ಒಂದು ಮದುವೆಗೆಂದು ಭಟ್ಕಳದ ಬಸ್ಸಿನಲ್ಲಿದ್ದೆ. ಮುರ್ಡೇಶ್ವರದ ಕ್ರಾಸಿನಲ್ಲಿ ಇಳಿಯುವವರನ್ನು ಕಂಡಕ್ಟರ್ ಒಂದು ಸ್ಟಾಪ್ ಮುಂದೆ ಒಯ್ದುಬಿಟ್ಟ. ಹಿಂದಿನಿಂದ ಒಬ್ಬ ಕೂಗಿದ, "ಎಂತ ಮಾರಾಯ, ನೀನೂ ಉಲ್ಟಾ ತಾಂಡೇಲ ಆದ್ಯಾ?" ಬಸ್ಸೇ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಅದು ಯಾರ ಹೆಸರು ಎಂದು ಪಕ್ಕದವರನ್ನು ಕೇಳಿದೆ.

"ಅಂವ ಒಬ್ಬ ಇದ್ದ, ಮಾವಳ್ಳಿಯಂವ. ಬೋರ್ಡು ಉಲ್ಟಾ ನೋಡಿ ದೋಣಿ ಒಡೆದಂವ," ಎಂದರು ಅವರು.

ಮದುವೆ ಮುಗಿಸಿಕೊಂಡು ಸಂಜೆಯ ಬಸ್ಸು ಹಿಡಿದೆವು. ವಾಪಸು ಬಂದು ಹೆಂಡತಿಗೆ ಎಲ್ಲ ಹೇಳಿದೆ. ಎಲ್ಲ ಎಂದರೆ, ಸಭೆಯಲ್ಲಿ ನಾನು ಆಡಿದ್ದನ್ನು ಬಿಟ್ಟು. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅಂವನ ಹೆಸ್ರು ನಿಮ್ ಹತ್ರ ಅದೆ," ಎಂದಳು. "ಕೊಟ್ಟು ಬನ್ನಿ."

ಮರುದಿನ ಬೆಳಿಗ್ಗೆ ಮಾವಳ್ಳಿಗೆ ಹೋದೆ. ಅವನು ಮನೆಯ ಜಗುಲಿಯಲ್ಲಿ ಬೇರೆಯವರ ಬಲೆ ಸರಿಮಾಡುತ್ತ ಕೂತಿದ್ದ. ಆ ದಿನದಿಂದ ಯಾರೂ ಅವನ ಕೈಗೆ ದೋಣಿ ಕೊಟ್ಟಿರಲಿಲ್ಲ. ನಾನು ನಿಂತೇ ಹೇಳಿದೆ. ಈ ಸಲ ಸಭೆಯ ಮಾತನ್ನೂ ಸೇರಿಸಿ ಹೇಳಿದೆ. ಹೇಳಿ ಮುಗಿಯುವವರೆಗೆ ಅವನು ಗಂಟು ಹಾಕುವುದನ್ನು ಬಿಡಲಿಲ್ಲ. ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು, ಗಂಜಿ ತಟ್ಟೆ ಹಿಡಿದು ಅಂದು ನೋಡಿದ ಹಾಗೆಯೇ ನೋಡಿದಳು.

"ನಾ ಸರಿ ನೋಡಿದ್ದೆ ಹೇಳಿ ನಂಗೆ ಮೊದ್ಲೇ ಗೊತ್ತಿತ್ತು," ಎಂದ. "ನಂಗೆ ಹೇಳುಕೆ ಬಂದದ್ದು ಎಂತಕ್ಕೆ? ದಕ್ಕೆಗೆ ಬನ್ನಿ."

ಊರುಗೋಲು ಹಿಡಿದು ಅವನು ಮುಂದೆ ನಡೆದ. ನಾನು ಹಿಂದೆ. ದಕ್ಕೆಯಲ್ಲಿ ಮೀನು ಇಳಿಸಿ ಮುಗಿದ ಹೊತ್ತು. ಹದಿನೈದು ಇಪ್ಪತ್ತು ಜನ ನೆರಳಿನಲ್ಲಿದ್ದರು, ಸಭೆಗೆ ಬಂದಿದ್ದವರೂ ನಾಲ್ಕಾರು ಜನ ಇದ್ದರು. ಅವನು ಅವರ ನಡುವೆ ನಿಂತು, "ಇವ್ರು ಒಂದ್ ಮಾತು ಹೇಳ್ತ್ರಂತೆ, ಕೇಳಿ," ಎಂದ. ನಾನು ಹೇಳಿದೆ. ಬೋರ್ಡು ತಪ್ಪಿತ್ತು, ತಪ್ಪೆಂದು ನನಗೆ ಗೊತ್ತಿತ್ತು, ಸಭೆಯಲ್ಲಿ ನಾನು ಸುಳ್ಳು ಹೇಳಿದೆ, ಇವರದು ಏನೂ ತಪ್ಪಿಲ್ಲ ಎಂದು. ಧ್ವನಿ ಸಣ್ಣದಾಗುತ್ತಿತ್ತು. ಹಿಂದಿನವರು ಕೇಳುವುದಿಲ್ಲ ಎಂದರು, ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು.

"ಹಾಂಗಾರೆ ಇವಂದು ತಪ್ಪಲ್ಲ," ಎಂದ ಒಬ್ಬ ವಯಸ್ಸಾದವನು.

"ತಪ್ಪಲ್ದೇ ಎಂತ?" ಎಂದ ಬೀಡಿ ಸೇದುತ್ತಿದ್ದವನು. "ನೀರು ನೋಡಿ ದೋಣಿ ಬಿಡೂದು ಬಿಟ್ಟು ಚಿತ್ರ ನೋಡಿ ಬಿಟ್ನಲ್ಲ."

ಇಬ್ಬರು ಮೂವರು ನಕ್ಕರು. ಈಗ ಎಲ್ಲರ ದೋಣಿಯಲ್ಲೂ ಜಿಪಿಎಸ್ ಇತ್ತು, ಚಿತ್ರ ನೋಡಿಯೇ ಅವರೆಲ್ಲ ದೋಣಿ ಬಿಡುತ್ತಿದ್ದರು. ಅದನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ವಯಸ್ಸಾದವನು ನನ್ನತ್ತ ತಿರುಗಿ, "ಮತ್ತೆ ಇಷ್ಟ್ ವರ್ಷ ಎಲ್ಲಿದ್ರಿ?" ಎಂದು ಕೇಳಿದ. ಅವನು ಕಾದ. ನಂತರ ಕಾಯುವುದನ್ನು ಬಿಟ್ಟು ಎಲೆಯಡಿಕೆಯ ಚೀಲ ಬಿಚ್ಚಿದ.

ಊರುಗೋಲಿನ ತಾಂಡೇಲ ನನ್ನ ಹತ್ತಿರ ಬಂದ. "ಆತು," ಎಂದ. "ಎಲ್ರೂ ಕೇಳಿದ್ರಲ್ಲ. ಇನ್ ಯಾರೂ ನಂಗೆ ಹಾಂಗೆ ಹೇಳೂದಿಲ್ಲ." ಅವನ ಮುಖದಲ್ಲಿ ಏನೋ ಸಡಿಲಾಗಿತ್ತು. ಅಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ನೋಡಿದ್ದು ಆಗಲೇ.

ದೋಣಿಯ ಕಡೆಯಿಂದ ಒಬ್ಬ ಯುವಕ ಬಲೆಯ ಗುಡ್ಡೆ ತೋರಿಸಿ ಕೂಗಿದ, "ಓ ಉಲ್ಟಾ, ಇದೊಂದ್ ಹರಿದದೆ, ಬಂದು ನೋಡು." ಕೀಟಲೆಯಿಂದ ಕೂಗಿದ್ದಲ್ಲ. ನಮ್ಮ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಅವನಿಗೆ ತಿಳಿವಳಿಕೆ ಬಂದಾಗಿನಿಂದ ಈ ಮನುಷ್ಯನ ಹೆಸರು ಅದೇ. ಸುತ್ತ ಕೂತವರಲ್ಲಿ ಯಾರಿಗೂ ಅದು ವಿಶೇಷವಾಗಿ ಕೇಳಿಸಲಿಲ್ಲ, ಒಬ್ಬನೂ ತಲೆ ಎತ್ತಲಿಲ್ಲ.

ಅವನು ನನ್ನ ಮುಖವನ್ನು ಒಮ್ಮೆ ನೋಡಿದ. ಆಮೇಲೆ "ಬಂದೆ" ಎಂದು ಆ ಹೆಸರಿಗೇ ಓಗೊಟ್ಟು ಊರುಗೋಲು ಊರುತ್ತ ದೋಣಿಯ ಕಡೆ ಹೋದ. ನಾನು ನೆರಳಿನ ಅಂಚಿನಲ್ಲಿ ನಿಂತೇ ಇದ್ದೆ. ಹೋಗಿ ಎಂದು ಯಾರೂ ಹೇಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ.